ಎರಡು ಹಸುಗಳ ರಕ್ತ ನೋಡಿದ ಡಾಕ್ಟ್ರಮ್ಮ

ಹೋದ ತಿಂಗಳು ತರೀಕೆರೆಯಿಂದ ಫೋನ್ ಬಂದಿತ್ತು. ಮಾತಾಡಿದವರು ಡಾಕ್ಟ್ರಮ್ಮನ ತಮ್ಮ. ಅಕ್ಕ ಹೋಗಿಬಿಟ್ಟರು, ಕಾರ್ಯವೂ ಮುಗಿಯಿತು, ನಿಮ್ಮ ನಂಬರು ಸಿಕ್ಕಿದ್ದು ಈಗ ಎಂದರು. ಆಮೇಲೆ ಅವರು, ಮನೆಯಲ್ಲಿರುವ ಫೋಟೊಗಳಲ್ಲೆಲ್ಲ ಅಕ್ಕ ರೇಷ್ಮೆ ಸೀರೆ ಉಟ್ಟು ಯಾರದೋ ಮದುವೆಯಲ್ಲಿ ನಿಂತಿದ್ದಾರೆ, ಕೆಲಸ ಮಾಡುವಾಗಿನದು ಒಂದೂ ಇಲ್ಲ, ನಿಮ್ಮ ಹತ್ತಿರ ಏನಾದರೂ ಇದೆಯೇ ಎಂದು ಕೇಳಿದರು. ಇರಲಿಲ್ಲ. ಎಂಬತ್ತರ ದಶಕದ ಶುರುವಿನಲ್ಲಿ, ಸಿಂಗಟಗೆರೆಯಲ್ಲಿ, ನಮ್ಮಿಬ್ಬರಿಗೆ ಕ್ಯಾಮೆರಾ ಎಲ್ಲಿಂದ ಬರಬೇಕು? ನೆನಪಿನಲ್ಲಿರುವುದನ್ನು ಬರೆದು ಕಳಿಸುತ್ತೇನೆ ಎಂದೆ. ಅದಕ್ಕೇ ಕೂತಿದ್ದೇನೆ.

ನಾನು ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ತವರು ಕಡೂರಾದರೂ ದಿನಾ ಓಡಾಡುವ ಬಸ್ಸು ನಂಬುವಂಥದ್ದಾಗಿರಲಿಲ್ಲ. ಹಾಗಾಗಿ ಶಿವಮ್ಮ ಎಂಬ ಅಜ್ಜಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಪಶು ಆಸ್ಪತ್ರೆಗೆ ಹೊಸ ಡಾಕ್ಟರು ಬರುತ್ತಾರೆಂದು ಊರಿಗೆ ಗೊತ್ತಿತ್ತು. ಬರುವವರು ಹೆಂಗಸು ಎಂದು ಯಾರಿಗೂ ಗೊತ್ತಿರಲಿಲ್ಲ. ಟ್ರಂಕು ಹಿಡಿದು ಬಸ್ಸಿಳಿದವರನ್ನು ಹೊಸ ನರ್ಸಮ್ಮ ಅಂದುಕೊಂಡು ಜನ ಹೆರಿಗೆ ಆಸ್ಪತ್ರೆಯ ದಾರಿ ತೋರಿಸಿದರಂತೆ. ಇವರೂ ಬಿಡದೆ, ನಾನೂ ಹೆರಿಗೆ ಮಾಡಿಸೋಕೇ ಬಂದಿರೋದು, ಹಸುಗಳಿಗೆ ಅಷ್ಟೆ ಅಂದರಂತೆ. ಆ ಮಾತು ಸಂಜೆಯೊಳಗೆ ಊರು ಸುತ್ತಿತು. ಒಂಟಿ ಹೆಂಗಸಿಗೆ ಬೇರೆ ಯಾರೂ ಮನೆ ಕೊಡಲು ಒಪ್ಪದೆ ಕೊನೆಗೆ ನನ್ನ ಕೋಣೆಯಲ್ಲೇ ಇನ್ನೊಂದು ಹಾಸಿಗೆ ಬಿತ್ತು. ಹಾಗೆ ಶುರುವಾಗಿದ್ದು ನಮ್ಮ ಸ್ನೇಹ.

ಎತ್ತರದ ಆಳು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಮೊಣಕಾಲವರೆಗೆ ಬರುವ ಕಪ್ಪು ರಬ್ಬರ್ ಬೂಟು ಹಾಕಿಕೊಂಡು ನಡೆದರೆ ಹಾದಿಯಲ್ಲಿದ್ದ ಕೋಳಿಗಳೂ ದಾರಿ ಬಿಡುತ್ತಿದ್ದವು. ರವಿಕೆಯ ಬಲತೋಳನ್ನು ಭುಜದವರೆಗೆ ಮಡಿಸಿ ಸೇಫ್ಟಿ ಪಿನ್ ಹಾಕಿರುತ್ತಿದ್ದರು. ಕೆಲಸಕ್ಕೆ ಮೊದಲು ಆ ತೋಳಿಗೆ ಸೋಪು ತಿಕ್ಕಿ ತೊಳೆದು, ಒಣಗಲೆಂದು ಆಕಾಶಕ್ಕೆತ್ತಿ ನಿಲ್ಲುತ್ತಿದ್ದರು. ನಗು ಜೋರು. ಕೈ ಯಾವಾಗಲೂ ಸೆಗಣಿಯಲ್ಲೋ ಔಷಧಿಯಲ್ಲೋ ಇರುತ್ತಿದ್ದುದರಿಂದ ಬಾಯಿಗೆ ಮೊಣಕೈ ಅಡ್ಡ ಹಿಡಿದು ನಗುವುದು ರೂಢಿಯಾಗಿಬಿಟ್ಟಿತ್ತು. ಕೈ ತೊಳೆದು ಊಟಕ್ಕೆ ಕೂತಾಗಲೂ ಹಾಗೇ ನಗುತ್ತಿದ್ದರು.

ಮೊದಮೊದಲು ಗಂಡಸರಿಗೆ ಬಲು ಸಂಕೋಚ. ಹಸು ಬೆದೆಗೆ ಬಂದಿದೆ ಎನ್ನುವುದನ್ನು ಹೆಂಗಸಿನ ಮುಂದೆ ಹೇಗೆ ಹೇಳುವುದು? ಕಾಂಪೌಂಡರನ ಕಿವಿಯಲ್ಲಿ ಪಿಸುಗುಟ್ಟುವರು, ಅವನು ಬಂದು ಇವರಿಗೆ ಹೇಳುವನು. ಒಂದು ದಿನ ಯಗಟಿ ಕಡೆಯ ರೈತರೊಬ್ಬರು ಹಾಗೆ ಪಿಸುಗುಟ್ಟುತ್ತಿದ್ದಾಗ ಡಾಕ್ಟ್ರಮ್ಮ ಒಳಗಿಂದಲೇ, "ಬೆದೆಗೆ ಬಂದಿರೋದು ಹಸು, ನಾಚಿಕೆ ಪಡ್ತಿರೋದು ನೀವು. ಹಿಡ್ಕೊಂಡು ಬನ್ನಿ ಯಜಮಾನ್ರೇ" ಅಂದರು. ಆ ರೈತರೇ ಮುಂದೆ ಊರಿಗೆಲ್ಲ ಈ ಕಥೆ ಹೇಳಿ ನಕ್ಕರು. ಪಿಸುಗುಟ್ಟುವುದು ನಿಂತುಹೋಯಿತು.

ದನವನ್ನು ತಂದ ಕೂಡಲೇ ಮುಟ್ಟುತ್ತಿರಲಿಲ್ಲ. ಕೈಕಟ್ಟಿ ನಿಂತು ನೋಡುತ್ತಿದ್ದರು. ಅದು ಮೆಲುಕು ಹಾಕುವುದು, ಕಿವಿ ಆಡಿಸುವುದು, ಯಾವ ಕಾಲಿನ ಮೇಲೆ ಭಾರ ಬಿಡುತ್ತದೆ ಎನ್ನುವುದು, ಎಲ್ಲವನ್ನೂ. ತಂದವರಿಗೆ ತಾಳ್ಮೆ ತಪ್ಪುತ್ತಿತ್ತು. ಏನಾಗಿದೆ ಎಂದು ಕೇಳಿದರೆ, ಇನ್ನೂ ಗೊತ್ತಿಲ್ಲ ಎನ್ನುವರು. ಡಾಕ್ಟರ ಬಾಯಲ್ಲಿ ಆ ಮಾತು ಕೇಳಿ ಅಭ್ಯಾಸವಿಲ್ಲದ ಜನ, ಈಯಮ್ಮನಿಗೆ ಓದು ಸಾಲದೇನೋ ಎಂದು ಮಾತಾಡಿಕೊಂಡದ್ದೂ ಉಂಟು. ಅದು ಅವರ ಕಿವಿಗೂ ಬಿದ್ದಿತ್ತು. ಹೌದಲ್ಲ, ಸಾಲದು ಕಣೇ, ಅಂದಿದ್ದರು ನನ್ನ ಹತ್ತಿರ.

ನಮ್ಮ ಶಿವಮ್ಮಜ್ಜಿಗೆ ಮಕ್ಕಳಿರಲಿಲ್ಲ. ಚುಕ್ಕಿ ಎಂಬ ಹಸು ಇತ್ತು. ಹಣೆಯ ಮೇಲೆ ಬಿಳಿ ಬೊಟ್ಟು. ಅಜ್ಜಿ ಬೆಳಿಗ್ಗೆ ಎದ್ದು ಮೊದಲು ಮಾತಾಡಿಸುತ್ತಿದ್ದುದು ಅದನ್ನೇ, ಆಮೇಲೆ ನಮ್ಮನ್ನು. ನಮ್ಮ ಕಾಫಿ ಚುಕ್ಕಿಯ ಹಾಲಿನದು. ಆ ವರ್ಷ ಅದು ಗಬ್ಬವಾಗಿ ಹಾಲು ಬತ್ತಿಸಿಕೊಂಡಿತ್ತು. ಇನ್ನೇನು ಒಂದೆರಡು ತಿಂಗಳಲ್ಲಿ ಕರು ಎಂದು ಅಜ್ಜಿ ದಿನ ಎಣಿಸುತ್ತಿರುವಾಗ ಒಂದು ಬೆಳಿಗ್ಗೆ ದಿನ ತುಂಬುವ ಮೊದಲೇ ಕಂದು ಹಾಕಿಬಿಟ್ಟಿತು. ಸತ್ತ ಕರು ಬಿದ್ದಿತ್ತು, ಸತ್ತೆ, ಎಂದರೆ ಮಾಸು, ಬಿದ್ದಿರಲಿಲ್ಲ. ಡಾಕ್ಟ್ರಮ್ಮ ಅಜ್ಜಿಯನ್ನೂ ನನ್ನನ್ನೂ ಕೊಟ್ಟಿಗೆಯ ಹತ್ತಿರ ಸೇರಿಸಲಿಲ್ಲ. ಆಸ್ಪತ್ರೆಯಲ್ಲಿ ಉಳಿದಿದ್ದ ರಬ್ಬರ್ ಕೈಗವಸು ಹರಿದದ್ದಾಗಿತ್ತು. ಅದನ್ನು ಅತ್ತ ಎಸೆದು ಬರಿಗೈಯಲ್ಲೇ ಸತ್ತೆ ತೆಗೆದರು. ಸತ್ತ ಕರುವನ್ನು ಹಿತ್ತಿಲಾಚೆ ಆಳವಾಗಿ ಹೂಳಿಸಿ ಮೇಲೆ ಸುಣ್ಣ ಹಾಕಿಸಿದರು. ನೆಲಕ್ಕೆಲ್ಲ ಬ್ಲೀಚಿಂಗ್ ಪುಡಿ. ಅಜ್ಜಿ ಅಳುತ್ತಾ ಚುಕ್ಕಿಯ ಮೈ ಸವರಲು ಹೋದರೆ ಕೈ ಹಿಡಿದು ಹಿಂದಕ್ಕೆಳೆದರು. ದನ ಸುಮ್ಮಸುಮ್ಮನೆ ಕಂದು ಹಾಕುವುದಿಲ್ಲ, ಹಾಗೆ ಹಾಕಿಸುವ ಒಂದು ರೋಗವಿದೆ, ಅದು ದನದಿಂದ ದನಕ್ಕೂ ದನದಿಂದ ಮನುಷ್ಯರಿಗೂ ಬರುತ್ತದೆ, ಹಸಿ ಹಾಲಿನಲ್ಲೂ ಬರುತ್ತದೆ ಎಂದು ನನಗೆ ಆಮೇಲೆ ಹೇಳಿದರು. ರಕ್ತ ನೋಡಿದರೆ ಸುಳಿವು ಸಿಗುತ್ತದೆ ಎಂದರು.

ಹಾಗಾಗಿ ಡೇರಿಗೆ ಹಾಲು ಹಾಕುವ ಮನೆಗಳ ಹಸುಗಳ ರಕ್ತವನ್ನೆಲ್ಲ ತೆಗೆದರು. ಆಸ್ಪತ್ರೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇತ್ತು. ಬಿಳಿ ಹೆಂಚಿನ ಬಿಲ್ಲೆಯ ಮೇಲೆ ರಕ್ತದ ತಿಳಿ ಒಂದು ಹನಿ, ಪಕ್ಕದಲ್ಲಿ ಗುಲಾಬಿ ಬಣ್ಣದ ದ್ರಾವಣ ಒಂದು ಹನಿ. ಎರಡನ್ನೂ ಕಡ್ಡಿಯಿಂದ ಬೆರೆಸಿ ಬಿಲ್ಲೆಯನ್ನು ಮೆಲ್ಲಗೆ ತೂಗಬೇಕು. ನುಣ್ಣಗೆ ಉಳಿದರೆ ಸರಿ. ಒಡೆದ ಹಾಲಿನ ಹಾಗೆ ಹರಳು ಹರಳಾದರೆ ಗುಮಾನಿ. ವಿಜ್ಞಾನದ ಮೇಡಂ ಎಂದು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಕಿಟಕಿಯಲ್ಲಿ ಊರಿನ ಅರ್ಧ ತಲೆಗಳಿದ್ದವು. ಚುಕ್ಕಿಯ ಹನಿ ಹರಳಾಯಿತು. ಅದು ಅವರು ನಿರೀಕ್ಷಿಸಿದ್ದೇ. ಮತ್ತೆ ಎಷ್ಟೋ ಹನಿಗಳು ನುಣ್ಣಗಿದ್ದವು. ಕೊನೆಕೊನೆಯಲ್ಲಿ ಇನ್ನೊಂದು ಹನಿ ಹರಳಾಯಿತು. ಅದು ಕಮಲಮ್ಮನ ಜರ್ಸಿಯದು.

ಕಮಲಮ್ಮ ಅಜ್ಜಂಪುರದಿಂದ ಬಂದ ಸೊಸೆ. ಗಂಡ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು, ಮನೆಯಲ್ಲಿರುವುದು ಕಡಿಮೆ. ಆ ಹಸುವನ್ನು ಇನ್ನೂ ಕರು ಹಾಕದ ಪಡ್ಡೆಯಾಗಿದ್ದಾಗಲೇ ತವರಿನಿಂದ ಹೊಡೆದುಕೊಂಡು ಬಂದಿದ್ದಳು. ಮನೆಯಲ್ಲಿ ಆಕೆಗೊಂದು ಮಾತು ಅಂತ ಇದ್ದರೆ ಅದು ಆ ಹಸುವಿನ ಹಾಲಿನಿಂದ. ಡಾಕ್ಟ್ರಮ್ಮ ಬಿಲ್ಲೆ ಕೆಳಗಿಡುವ ಮೊದಲೇ ಕಿಟಕಿಯ ತಲೆಗಳು ಮಾಯವಾಗಿದ್ದವು. ಸಂಜೆ ಡೇರಿಯಲ್ಲಿ ಕಮಲಮ್ಮನ ಹಾಲು ತೆಗೆದುಕೊಳ್ಳಲಿಲ್ಲ. ಹೊರಗಿನಿಂದ ಬಂದ ಹಸು ಊರಿಗೆ ರೋಗ ತಂದಿತು, ಅದರಿಂದಲೇ ಚುಕ್ಕಿ ಕಂದು ಹಾಕಿತು ಎಂದು ಎಲ್ಲರೂ ತೀರ್ಮಾನಿಸಿದರು. ಕಮಲಮ್ಮನ ನಾದಿನಿ ಬಾಣಂತನಕ್ಕೆಂದು ಆ ಮನೆಗೇ ಬಂದಿದ್ದಳು. ರೋಗ ಮಗಳಿಗೂ ಅಂಟೀತೆಂದು ಅತ್ತೆ ಹೆದರಿ, ಹಸುವನ್ನು ಹೊಡೆದುಕೊಂಡು ತವರಿಗೆ ಹೋಗು ಎಂದು ಸೊಸೆಗೆ ಹೇಳಿಬಿಟ್ಟರು. ಹಸು ಮಾತ್ರ ಹೋಗಬೇಕೋ ತಾನೂ ಹೋಗಬೇಕೋ ಎನ್ನುವುದು ಕಮಲಮ್ಮನಿಗೆ ತಿಳಿಯಲಿಲ್ಲ. ನಮ್ಮ ಜಗಲಿಯ ಮೇಲೆ ಕೂತು ಡಾಕ್ಟ್ರಮ್ಮನಿಗೆ ಅದನ್ನೇ ಹೇಳಿ ಅತ್ತಳು.

ಡಾಕ್ಟ್ರಮ್ಮ ಡೇರಿಯ ಮುಂದೆ ಜನ ಸೇರುವ ಹೊತ್ತಿಗೆ ಅಲ್ಲಿಗೇ ಹೋದರು. ನಾನೂ ಹೋಗಿದ್ದೆ. ಕಿಟಕಿ ತೆರೆದಿಟ್ಟು ಪರೀಕ್ಷೆ ಮಾಡಿದ್ದು ನನ್ನದೇ ತಪ್ಪು ಎಂದು ಶುರುಮಾಡಿದರು. ಆ ಪರೀಕ್ಷೆ ರೋಗಾಣುವನ್ನು ತೋರಿಸುವುದಿಲ್ಲ, ಅದನ್ನು ಎದುರಿಸಿದ ಗುರುತು ರಕ್ತದಲ್ಲಿದೆಯೇ ಎಂದು ಮಾತ್ರ ತೋರಿಸುತ್ತದೆ, ಆ ಗುರುತು ಬೇರೆ ಕಾರಣಕ್ಕೂ ಇರಬಹುದು ಎಂದರು. ಜನರ ಮುಖ ನೋಡಿ, ಅರ್ಥವಾಗಿಲ್ಲ ಎಂದು ತಿಳಿದು ಬೇರೆ ಥರ ಹೇಳಿದರು.

"ನಿಮ್ಮನೆ ನಾಯಿ ಬೊಗಳ್ತು ಅಂದ್ರೆ ಯಾರೋ ಬಂದ್ರು ಅಂತ. ಕಳ್ಳನೇ ಬಂದ ಅಂತ ಅಲ್ಲ. ನೆಂಟರು ಬಂದ್ರೂ ಬೊಗಳುತ್ತೆ. ಎದ್ದು ಹೋಗಿ ನೋಡ್ಬೇಕು. ನಾನು ಇನ್ನೂ ಎದ್ದು ನೋಡಿಲ್ಲ."

ಆಗ ಡೇರಿಯ ಸೆಕ್ರೆಟರಿ, ಹಾಗಾದರೆ ನೀವೇ ಎಲ್ಲರ ಎದುರಿಗೆ ಆ ಹಸುವಿನ ಹಾಲು ಕುಡಿದು ತೋರಿಸಿಬಿಡಿ, ನಾವೆಲ್ಲ ನಂಬುತ್ತೇವೆ ಎಂದರು. ಹಿಂದೆ ನಿಂತಿದ್ದ ಕಮಲಮ್ಮನ ಕಣ್ಣಲ್ಲಿ ಆಸೆ ಕಂಡಿತು. ನನಗೂ, ಕುಡಿದುಬಿಡಲಿ, ಎಲ್ಲ ಸರಿಹೋಗುತ್ತದೆ ಎನಿಸಿತು. ಡಾಕ್ಟ್ರಮ್ಮ ಕುಡಿಯಲಿಲ್ಲ. "ನಾನು ಕುಡಿದ್ರೆ, ಕುಡಿದೆ ಅನ್ನೋದು ಗೊತ್ತಾಗುತ್ತೆ. ಹಸುಗೆ ರೋಗ ಇದೆಯೋ ಇಲ್ವೋ ಅನ್ನೋದು ಅದರಿಂದ ಗೊತ್ತಾಗಲ್ಲ. ಕಾಯಿಸಿ ಕುಡೀರಿ, ಯಾರ ಮನೆ ಹಾಲಾದ್ರೂ." ಇಷ್ಟು ಹೇಳಿ ಹೊರಟುಬಂದರು. ಎರಡೂ ಹಸುಗಳನ್ನು ಬೇರೆ ಬೇರೆ ಕಡೆ ಒಂಟಿಯಾಗಿ ಕಟ್ಟಿಸಿದರು. ಉತ್ತರ ಬರುವವರೆಗೆ ಹಸುವನ್ನು ಎಲ್ಲಿಗೂ ಹೊಡೆದುಕೊಂಡು ಹೋಗುವಂತಿಲ್ಲ ಎಂದು ಕಮಲಮ್ಮನ ಅತ್ತೆಗೂ ಹೇಳಿ ಬಂದರು. ಎರಡರ ರಕ್ತವನ್ನೂ ಬೆಂಗಳೂರಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರು. ಕೆಲವು ವಾರ ಬಿಟ್ಟು ಇನ್ನೊಮ್ಮೆ ತೆಗೆದು ಕಳಿಸಬೇಕು, ಎರಡನ್ನೂ ಹೋಲಿಸಬೇಕು, ಅಲ್ಲಿಯವರೆಗೆ ಕಾಯಬೇಕು ಎಂದರು. ಕಾಯುವುದು ಯಾರಿಗೂ ಇಷ್ಟವಿರಲಿಲ್ಲ. ದಾರಿಯಲ್ಲಿ ನಾನು ಸ್ವಲ್ಪ ಸಿಟ್ಟಿನಿಂದಲೇ, ಒಂದು ಲೋಟ ಕಾಯಿಸಿದ ಹಾಲು ಕುಡಿದಿದ್ದರೆ ಏನಾಗುತ್ತಿತ್ತು ಎಂದೆ. ನಾಳೆ ನಿಜವಾಗಿ ರೋಗ ಇರುವ ಹಸುವಿನವರೂ ಲೋಟ ಹಿಡಿದುಕೊಂಡು ಬರುತ್ತಿದ್ದರು ಎಂದರು.

ಆ ಭಾನುವಾರ ನನ್ನನ್ನೂ ಹೊರಡಿಸಿಕೊಂಡು ಅಜ್ಜಂಪುರಕ್ಕೆ ಹೊರಟರು. ಬೀರೂರಿನಲ್ಲಿ ರೈಲು ಹತ್ತಿ ಕಿಟಕಿ ಪಕ್ಕ ಕೂತರು. ದಾರಿಯುದ್ದಕ್ಕೂ ಹೊಲದಲ್ಲಿ ಮೇಯುವ ದನಗಳನ್ನು ನೋಡುತ್ತಾ, ಇದಕ್ಕೆ ಜಂತುಹುಳ, ಅದು ಗಬ್ಬ, ಈ ಎತ್ತಿಗೆ ಗೊರಸು ನೋವು ಎಂದು ಹೇಳುತ್ತಾ ಹೋದರು. ರೈಲಿನಲ್ಲಿ ಎದುರಿಗಿದ್ದ ದಂಪತಿ ಇವರನ್ನು ಕಣಿ ಹೇಳುವವರೆಂದು ತಿಳಿದರೋ ಏನೋ, ಹೆಂಡತಿ ಮೆಲ್ಲಗೆ ಕೈ ಚಾಚಿದಳು. ನಮಗೆ ನಗು ತಡೆಯಲಾಗಲಿಲ್ಲ.

ಕಮಲಮ್ಮನ ತಾಯಿ ಬೆನ್ನು ಬಾಗಿದ ಮುದುಕಿ. ಮಗಳ ಮನೆಯಲ್ಲಿ ಏನೋ ಆಗಿದೆ ಎಂದು ಗಾಬರಿಯಾದರು. ಡಾಕ್ಟ್ರಮ್ಮ ಮೊದಲು ಅವರ ಕೊಟ್ಟಿಗೆ ನೋಡಿ, ದನಗಳನ್ನು ಹೊಗಳಿ, ಕೊಟ್ಟ ಮಜ್ಜಿಗೆ ಕುಡಿದರು. ಆಮೇಲೆ ನಿಧಾನವಾಗಿ, ಮಗಳಿಗೆ ಕೊಟ್ಟ ಆ ಪಡ್ಡೆ ಕರುವಾಗಿದ್ದಾಗ ಹೇಗಿತ್ತು, ಯಾವಾಗಲಾದರೂ ಹುಷಾರಿಲ್ಲದೆ ಮಲಗಿತ್ತೇ ಎಂದು ಕೇಳಿದರು. ಮುದುಕಿ ಯೋಚಿಸಿ, ಹುಷಾರಿಲ್ಲದ್ದು ಒಂದೇ ಸಲ ಎಂದರು. ಯಾರೋ ಸರ್ಕಾರದವರು ಬಂದು ಬೀದಿಯ ಹೆಣ್ಣು ಕರುಗಳಿಗೆ ಮಾತ್ರ ಸೂಜಿ ಹಾಕಿ ಹೋಗಿದ್ದರು. ಆವತ್ತು ಕರುವಿಗೆ ಮೈ ಬೆಚ್ಚಗಾಗಿ ಹಾಲು ಕುಡಿಯಲಿಲ್ಲ. "ಗಂಡು ಕರಕ್ಕೂ ಹಾಕ್ರಪ್ಪ ಅಂತ ಕೇಳಿದ್ನಮ್ಮ. ಇದು ಹೆಣ್ಣಿಗೆ ಮಾತ್ರ ಅಂದ್ರು. ಅದ್ಕೇ ನೆಪ್ಪೈತೆ."

ಡಾಕ್ಟ್ರಮ್ಮ ನನ್ನ ಕಡೆ ತಿರುಗಿದರು. ಹೆಣ್ಣು ಕರುಗಳಿಗೆ ಮಾತ್ರ ಹಾಕುವ ಲಸಿಕೆ ಈ ಕಂದು ರೋಗದ್ದೇ. ಲಸಿಕೆ ಬಿಟ್ಟ ಗುರುತು ಕೆಲವು ಹಸುಗಳ ರಕ್ತದಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ಪರೀಕ್ಷೆಗೆ ಲಸಿಕೆಯ ಗುರುತೂ ರೋಗದ ಗುರುತೂ ಒಂದೇ ಎಂದು ಬಿಡಿಸಿ ಹೇಳಿದರು. ನಾನು ಖುಷಿಯಿಂದ, ಮುಗಿಯಿತಲ್ಲ, ಊರಿಗೆ ಹೋಗಿ ಹೇಳೋಣ ಎಂದೆ. ಇಲ್ಲ, ಇದು ಕಾರಣ ಇರಬಹುದು ಅಷ್ಟೇ, ಎರಡನೇ ಸಲದ ರಕ್ತ ನೋಡದೆ ಕಮಲಮ್ಮನಿಗೂ ಹೇಳಬೇಡ ಎಂದರು. ಹೇಳಲಿಲ್ಲ. ಆ ವಾರಗಳಲ್ಲಿ ಕಮಲಮ್ಮ ದಿನಾ ಹಾಲು ಕರೆದು ಕಾಯಿಸಿ, ಮನೆಯವರು ಮುಟ್ಟದಿದ್ದರೆ ಚೆಲ್ಲುತ್ತಿದ್ದಳು. ಡಾಕ್ಟ್ರಮ್ಮ ದಿನಾ ಅವಳ ಕೊಟ್ಟಿಗೆಗೆ ಹೋಗಿ ಒಂದಷ್ಟು ಹೊತ್ತು ಕೂತು ಬರುತ್ತಿದ್ದರು. ಹಸುವಿಗೆ ಮಾಡುವಂಥದ್ದೇನೂ ಇರಲಿಲ್ಲ. ಸುಮ್ಮನೆ ಜೊತೆಗಿರುತ್ತಿದ್ದರು.

ಬೆಂಗಳೂರಿನಿಂದ ಎರಡನೆಯ ಉತ್ತರವೂ ಬಂತು. ಜರ್ಸಿಯ ರಕ್ತದಲ್ಲಿದ್ದ ಗುರುತು ಕೆಳಮಟ್ಟದ್ದು, ಎರಡು ಸಲವೂ ಅಷ್ಟಕ್ಕೇ ನಿಂತಿತ್ತು. ಲಸಿಕೆಯದೇ ಇರಬೇಕು, ರೋಗದ ಲಕ್ಷಣವಿಲ್ಲ ಎಂದಿದ್ದರು. ಚುಕ್ಕಿಯದು ಏರಿತ್ತು. ಅದರ ರೋಗ ನಿಜ. ಅದು ಎಲ್ಲಿಂದ ಬಂತು, ಹೋರಿಯಿಂದಲೋ ಯಾವ ದನದ ಸಂಗದಿಂದಲೋ, ಕೊನೆಗೂ ತಿಳಿಯಲಿಲ್ಲ. ಡಾಕ್ಟ್ರಮ್ಮ ಡೇರಿಯ ಮುಂದೆ ನಿಂತು ಕಮಲಮ್ಮನ ಹಸುವಿನ ವಿಷಯ ಹೇಳಿದರು. ಸೆಕ್ರೆಟರಿ ಹಾಲು ಅಳೆದುಕೊಂಡರು. ಕಮಲಮ್ಮ ಖಾಲಿ ಕ್ಯಾನು ಹಿಡಿದು ಮನೆ ಕಡೆ ಎಷ್ಟು ಬೇಗ ಬೇಗ ನಡೆದಳೆಂದರೆ, ಅತ್ತೆಗೆ ಹೇಳಲು ಓಡುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಾಯಿತು.

ನಮ್ಮ ಮನೆಯ ವಿಷಯ ಅಷ್ಟು ಸುಲಭವಿರಲಿಲ್ಲ. ಅಜ್ಜಿ ಜಗಲಿಯ ಮೇಲೆ ಕಾಯುತ್ತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು. ಡಾಕ್ಟ್ರಮ್ಮ ಅವರ ಪಕ್ಕದಲ್ಲಿ ಕೂತು, ಚುಕ್ಕಿಯನ್ನು ಇನ್ನು ಹೋರಿಗೆ ಬಿಡುವಂತಿಲ್ಲ, ಊರಿನ ದನಗಳ ಜೊತೆ ಸೇರಿಸುವಂತಿಲ್ಲ, ಕೆರೆಯಾಚೆಯ ಹೊಲದಲ್ಲಿ ಗುಡಿಸಲು ಹಾಕಿ ಬೇರೆಯೇ ಕಟ್ಟಬೇಕು ಎಂದು ಹೇಳಿದರು. ಅಜ್ಜಿ ಎಲ್ಲ ಕೇಳಿಸಿಕೊಂಡರು.

"ಕಮಲಿ ಹಸುಗೆ ಸುಳ್ಳು ರೋಗ ಅಂತ ಹೇಳ್ದೆಯಲ್ಲ ಮಗ. ನಮ್ಮ ಚುಕ್ಕಿಗೂ ಅಂಗೇ ಹೇಳ್ಬಿಡು. ನಿನ್ ಮಾತು ಯಾರು ತೆಗೀತಾರೆ?"

ಡಾಕ್ಟ್ರಮ್ಮ ಅಜ್ಜಿಯ ಕೈ ಹಿಡಿದುಕೊಂಡರು. ಆ ಅಜ್ಜಿಯ ಕೈಯ ಊಟ ಉಂಡವರು ನಾವು.

"ಹಂಗೆ ಹೇಳಿದ್ರೆ ಕಮಲಮ್ಮಂಗೆ ಹೇಳಿದ್ದೂ ಸುಳ್ಳಾಗೋಗುತ್ತೆ ಅಜ್ಜಿ."

ಅಜ್ಜಿ ಎದ್ದು ಒಳಗೆ ಹೋದರು. ಚುಕ್ಕಿ ಕೆರೆಯಾಚೆಗೆ ಹೋಯಿತು. ಅಜ್ಜಿ ದಿನಾ ಅಲ್ಲಿಗೆ ನಡೆದು ಹೋಗಿ ಹುಲ್ಲು ನೀರು ಇಟ್ಟು ಬರುತ್ತಿದ್ದರು. ಡಾಕ್ಟ್ರಮ್ಮನ ಊಟ ತಪ್ಪಿಸಲಿಲ್ಲ, ಕಾಫಿ ತಪ್ಪಿಸಲಿಲ್ಲ, ಮಾತು ಮಾತ್ರ ನಿಲ್ಲಿಸಿದರು. ಕರೆಯಬೇಕಾದರೆ ನನ್ನನ್ನು ಕರೆಯುವರು. ಡಾಕ್ಟ್ರಮ್ಮ ಅದನ್ನು ಯಾರ ಹತ್ತಿರವೂ ಆಡಲಿಲ್ಲ. ಹೊಲದ ಗುಡಿಸಲಿಗೆ ತಾವೇ ಹೋಗಿ ಚುಕ್ಕಿಯನ್ನು ನೋಡಿ ಬರುತ್ತಿದ್ದರು, ಅಜ್ಜಿ ಇಲ್ಲದ ಹೊತ್ತು ನೋಡಿಕೊಂಡು.

ಕೆಲವು ವಾರಗಳ ನಂತರ ಅವರಿಗೆ ಜ್ವರ ಶುರುವಾಯಿತು. ಸಂಜೆಗೆ ಏರುವುದು, ಮೈಯೆಲ್ಲ ಬೆವರಿ ಇಳಿಯುವುದು, ನಾಲ್ಕಾರು ದಿನ ಬಿಟ್ಟು ಮತ್ತೆ ಬರುವುದು. ಸೊಂಟ ನೋವು, ಮಂಡಿ ಊತ. ಕಡೂರಿನಲ್ಲಿ ಮಲೇರಿಯಾ ಎಂದು ಮಾತ್ರೆ ಕೊಟ್ಟರು, ಆಮೇಲೆ ಟೈಫಾಯ್ಡ್ ಎಂದರು. ಒಂದು ಮಧ್ಯಾಹ್ನ ಡಾಕ್ಟ್ರಮ್ಮ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಿಟಕಿ ಮುಚ್ಚಿದರು. ಹೆರಿಗೆ ಆಸ್ಪತ್ರೆಯ ನರ್ಸಮ್ಮನಿಂದ ತೆಗೆಸಿಟ್ಟಿದ್ದ ತಮ್ಮದೇ ರಕ್ತದ ತಿಳಿಯನ್ನು ಬಿಲ್ಲೆಯ ಮೇಲೆ ಹಾಕಿದರು. ಗುಲಾಬಿ ಹನಿ ಬೆರೆಸಿ ತೂಗುವಾಗ ಅವರ ಕೈ ನಡುಗುತ್ತಿತ್ತು, ಜ್ವರಕ್ಕೆ. ನಾನು ಬಿಲ್ಲೆ ಇಸಿದುಕೊಂಡು ತೂಗಿದೆ. ನನ್ನ ಕಣ್ಣೆದುರಿಗೇ ಅದು ಹರಳು ಹರಳಾಯಿತು.

ಸುಳ್ಳೂ ಇರಬಹುದಲ್ಲ, ಲಸಿಕೆ ಹಿಡಿಯುವ ಕೈ ನಿಮ್ಮದು ಎಂದೆ. ಇರಬಹುದು ಎಂದರು. ಬಿಲ್ಲೆಯನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿ, "ಇದು ಸುಳ್ಳಿರಬಹುದು. ಆದ್ರೆ ಜ್ವರ ಸುಳ್ಳಲ್ಲ ಕಣೇ" ಎಂದರು. ಬೆಂಗಳೂರಿನವರೂ ಅದನ್ನೇ ಖಚಿತಪಡಿಸಿದರು. ತಿಂಗಳಿಗೂ ಮೀರಿ ಮಾತ್ರೆ, ಸೂಜಿ. ಸೂಜಿ ಹಾಕಲು ನಮ್ಮ ಕಾಂಪೌಂಡರು ಮುಂದೆ ಬಂದರೆ, ನಿಮ್ಮ ಕೈ ಎತ್ತಿಗೆ ಅಭ್ಯಾಸವಾಗಿದೆ, ಬೇಡ ಎಂದು ಕಳಿಸಿದರು. ವಾಸಿಯಾದರು. ಆಮೇಲೆ ಯಗಟಿ, ತರೀಕೆರೆ ಎಂದು ಎಲ್ಲೆಲ್ಲೋ ಕೆಲಸ ಮಾಡಿ, ದೊಡ್ಡ ಹುದ್ದೆಗೆ ಹೋಗಿ ನಿವೃತ್ತರಾದರು. ಮಂಡಿ ನೋವು ಮಾತ್ರ ಕೊನೆಯವರೆಗೂ ಬಿಡಲಿಲ್ಲವೆಂದು ಅವರ ತಮ್ಮ ಹೇಳಿದರು. ಯಾಕೆ ಬಂತೆಂದು ತಮ್ಮನಿಗೆ ಗೊತ್ತಿರಲಿಲ್ಲ. ಹಾಗಾಗಿ ಇದನ್ನೂ ಬರೆಯಬೇಕು.

ಅವರ ರಕ್ತದ ಉತ್ತರ ಬೆಂಗಳೂರಿನಿಂದ ಬಂದ ಮರುದಿನ, ಶಾಲೆಗೆ ರಜೆ. ಡಾಕ್ಟ್ರಮ್ಮ ಗೋಡೆಗೊರಗಿ ಕಂಬಳಿ ಹೊದ್ದು ಕೂತಿದ್ದರು. ಅಜ್ಜಿ ರಾಗಿ ಗಂಜಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತರು. ಎಷ್ಟೋ ದಿನದ ಮೇಲೆ ನಮ್ಮ ಕೋಣೆಗೆ ಬಂದದ್ದು. ಒಳಗೆ ಬಂದು ಚಾಪೆಯ ಮೇಲೆ ಕೂತು ನೇರವಾಗಿ ಕೇಳಿದರು.

"ನಮ್ ಚುಕ್ಕಿಯಿಂದ ಬಂತಾ ಮಗ, ಇದು? ಆವತ್ತು ಬರಿಗೈಯಾಗೆ ತೆಗೆದೆಯಲ್ಲ."

ನಾನು ಡಾಕ್ಟ್ರಮ್ಮನ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

"ಇಲ್ಲ ಅಜ್ಜಿ. ಕಾಲೇಜಲ್ಲಿ ಓದುವಾಗ್ಲೇ ಇತ್ತು ನಂಗೆ. ಒಳಗೇ ಇತ್ತು, ಈಗ ಎದ್ದಿದೆ."

ಅಜ್ಜಿ ಲೋಟವನ್ನು ಅವರ ಮುಂದಕ್ಕೆ ಚಾಚಿದರು.

"ಇಷ್ಟೊಂದು ಓದಿದೀಯ, ಒಂದು ಸುಳ್ಳು ನೆಟ್ಟಗೆ ಹೇಳಕ್ಕೆ ಬರಲ್ವಲ್ಲ ನಿಂಗೆ. ಕುಡಿ ಮೊದ್ಲು, ಆರೋಗುತ್ತೆ."

ಡಾಕ್ಟ್ರಮ್ಮ ಲೋಟ ತೆಗೆದುಕೊಂಡು ತಲೆ ತಗ್ಗಿಸಿ ಕುಡಿಯತೊಡಗಿದರು. ಅಜ್ಜಿ ನನಗೆ ಒಲೆಯ ಮೇಲಿಟ್ಟಿದ್ದ ಎಣ್ಣೆ ತರಲು ಹೇಳಿದರು. ತಂದುಕೊಟ್ಟೆ. ಅವರು ಡಾಕ್ಟ್ರಮ್ಮನ ಕಾಲನ್ನು ತಮ್ಮ ತೊಡೆಯ ಮೇಲೆಳೆದುಕೊಂಡು, ಊದಿದ ಮಂಡಿಗೆ ಮೆಲ್ಲಗೆ ಎಣ್ಣೆ ತಿಕ್ಕುತ್ತಾ ಕೂತರು.